ಗಾಲ್ಫ್ ಐರನ್ ಸೆಟ್ ಕೊಳ್ಳುವ ಮುಂಚೆ ಹೊಡೆದು ನೋಡುವುದು ಹೇಗೆ? ಮೂರು 7 ಐರನ್‌ಗಳ ಹೋಲಿಕೆ

ಇಂದಿರಾನಗರ ಬೋಗಿ

ಎಲ್ಲರಿಗೂ ನಮಸ್ಕಾರ. ನನ್ನ ಹ್ಯಾಂಡಿಕ್ಯಾಪ್ 20ರ ಆಸುಪಾಸು, ಅಂದರೆ ಒಂದು ಆಟಕ್ಕೆ ನಿಗದಿತ ಹೊಡೆತಕ್ಕಿಂತ ಸುಮಾರು 20 ಹೆಚ್ಚು. ಸದ್ಯ ಆಡುತ್ತಿರುವುದು ಚಿಕ್ಕಪ್ಪ ಕೊಟ್ಟ ಹಳೆ ಐರನ್ ಸೆಟ್‌ನಲ್ಲಿ. ಐರನ್ ಅಂದರೆ ಲೋಹದ ತಲೆಯ ಕ್ಲಬ್ (ಹೊಡೆಯುವ ಕೋಲು), ಅಂಕಿ ಚಿಕ್ಕದಾದಷ್ಟೂ ಚೆಂಡು ದೂರ. ಮುಖದ ಮೇಲಿನ ಗ್ರೂವ್ (ಗೀರು) ಸವೆದು ನುಣ್ಣಗಾಗಿದೆ. ಹೊಸ ಸೆಟ್ ಅಂದರೆ ದೊಡ್ಡ ಮೊತ್ತ. ಹಾಗಾಗಿ ಅವಸರ ಮಾಡದೆ, ಹೊಡೆದು ನೋಡಿಯೇ ತಗೊಳ್ಳೋಣ ಅಂತ ಹೊರಟಿದ್ದೇನೆ. ಇಲ್ಲಿಯವರೆಗೆ ಗೊತ್ತಾದದ್ದನ್ನು ಬರೆಯುತ್ತೇನೆ, ನಿಮಗೆ ಗೊತ್ತಿರುವುದನ್ನು ಸೇರಿಸಿ.

ಹೋಲಿಸಿದ್ದು ಮೂರು 7 ಐರನ್. ಪಿಂಗ್ ಜಿ430, ಟೈಟ್ಲಿಸ್ಟ್ ಟಿ100, ಜೊತೆಗೆ ನನ್ನ ಹಳೆಯದು. ಅಂಗಡಿಯಲ್ಲಿ ಹೊಡೆತ ಅಳೆಯುವ ಯಂತ್ರದ ಪರದೆ ನೋಡಿದರೆ ಪಿಂಗ್ ತಗೊಂಡುಬಿಡೋಣ ಅನ್ನಿಸುತ್ತದೆ. ಹಳೆಯದು ಗಾಳಿಯಲ್ಲಿ ಸರಾಸರಿ 128 ಯಾರ್ಡ್ ಹೋದರೆ ಟಿ100 134, ಪಿಂಗ್ 148. ಇಪ್ಪತ್ತು ಯಾರ್ಡ್ ಲಾಭ, ಅಲ್ವಾ?

ಈಗ ಲಾಫ್ಟ್, ಅಂದರೆ ಕ್ಲಬ್ ಮುಖ ಹಿಂದಕ್ಕೆ ವಾಲಿದ ಕೋನ, ನೋಡಿ. ಪಿಂಗ್ 29 ಡಿಗ್ರಿ, ಟಿ100 34 ಡಿಗ್ರಿ. ನನ್ನ ಹಳೆಯದನ್ನು ಅಳತೆ ಮಾಡಿಸಿದೆ, 36 ಬಂತು. ಹಳೆ ಸೆಟ್‌ನ 5 ಐರನ್ 28. ಅಂದರೆ ಪಿಂಗ್‌ನ 7 ಐರನ್, ಲಾಫ್ಟ್ ಲೆಕ್ಕದಲ್ಲಿ ನನ್ನ 5 ಐರನ್‌ಗೆ ಹತ್ತಿರ. ಹಾಗಾಗಿ ಹಳೆ 5 ಐರನ್ನೂ ಅದೇ ಜಾಗದಲ್ಲಿ ಹೊಡೆದೆ. 143 ಯಾರ್ಡ್ ಬಂತು. ನಿಜವಾದ ಲಾಭ ಐದು ಯಾರ್ಡ್ ಅಷ್ಟೇ. ಉಳಿದದ್ದು ಕ್ಲಬ್ ತಳದಲ್ಲಿ ಕೆತ್ತಿದ ಅಂಕಿ ಬದಲಾದದ್ದರಿಂದ ಬಂದದ್ದು.

ಆದರೆ ಇಷ್ಟಕ್ಕೇ ಹೊಸ ಕ್ಲಬ್‌ನಲ್ಲಿ ಏನೂ ಇಲ್ಲ ಅನ್ನಲು ಬರುವುದಿಲ್ಲ. ಇನ್ನೆರಡು ಅಂಕಿ ನೋಡಿದಾಗ ನನಗೆ ಬಹಳ ಖುಷಿಯಾಯಿತು. ಒಂದು, ಚೆಂಡು ಇಳಿಯುವ ಕೋನ. ಹಳೆ 5 ಐರನ್‌ನಲ್ಲಿ 36 ಡಿಗ್ರಿ, ಪಿಂಗ್‌ನಲ್ಲಿ 43. ದೂರ ಸುಮಾರು ಅಷ್ಟೇ, ಆದರೆ ಚೆಂಡು ಎತ್ತರದಿಂದ ಬಿದ್ದು ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಮೇಲೆ ನಿಲ್ಲುತ್ತದೆ. ಭಾರ ಎಲ್ಲ ಕೆಳಗೆ, ಅಂಚಿಗೆ ಹಾಕಿ, ಮುಖ ತೆಳುವಾಗಿ ಮಾಡಿರುವುದರ ಫಲ ಇದು. ಎರಡು, ಕೆಟ್ಟ ಹೊಡೆತ. ಟಿ100ರಲ್ಲಿ ತುದಿಗೆ ತಾಗಿದ ಚೆಂಡು 112ಕ್ಕೆ ಬಿತ್ತು. ಪಿಂಗ್‌ನಲ್ಲಿ ಅತಿ ಕೆಟ್ಟದ್ದೂ 136 ಹೋಯಿತು. ನನ್ನಂಥವರಿಗೆ ಈ ಎರಡನೇ ಅಂಕಿಯೇ ಮುಖ್ಯ ಅಂತ ನನ್ನ ಅಭಿಪ್ರಾಯ. ಒಳ್ಳೆ ಹೊಡೆತ ಯಾವ ಕ್ಲಬ್‌ನಲ್ಲಾದರೂ ಚೆನ್ನಾಗಿಯೇ ಹೋಗುತ್ತದೆ.

ಒಂದು ಚಿಂತೆ ಉಳಿದಿದೆ. ಜಿ430 ಸೆಟ್‌ನ ಪಿಚಿಂಗ್ ವೆಜ್ (ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್) 41 ಡಿಗ್ರಿ. ನನ್ನ ಸ್ಯಾಂಡ್ ವೆಜ್ 56. ನಡುವೆ 15 ಡಿಗ್ರಿ ಖಾಲಿ. ಅದನ್ನು ತುಂಬಲು ಇನ್ನೆರಡು ವೆಜ್ ಬೇಕು. ಸೆಟ್‌ನ ಬೆಲೆ ಕೇಳುವಾಗ ಈ ಖರ್ಚನ್ನು ಯಾರೂ ಹೇಳುವುದಿಲ್ಲ. ಬ್ಯಾಗ್‌ನಲ್ಲಿ 14 ಕ್ಲಬ್ ದಾಟುವ ಹಾಗೂ ಇಲ್ಲ.

ನೀವೆಲ್ಲ ಹೇಗೆ ಹೊಡೆದು ನೋಡುತ್ತೀರಿ? ಏನನ್ನು ನಂಬುತ್ತೀರಿ?

ಚಾಮುಂಡಿ ತಪ್ಪಲು

ಸರ್, ಲಾಫ್ಟ್ ನೋಡಿ ಹೋಲಿಸಿದ್ದು ತುಂಬಾ ಒಳ್ಳೆಯದಾಯಿತು. ನಾನು ಮೈಸೂರಿನವನು, ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಆಡುತ್ತೇನೆ. ಎರಡು ಪ್ರಶ್ನೆ. ಹೊಡೆದದ್ದು ಮ್ಯಾಟ್ ಮೇಲೋ, ಹುಲ್ಲಿನ ಮೇಲೋ? ಚೆಂಡು ಯಾವುದು?

ಮ್ಯಾಟ್ ಮೇಲೆ ಕ್ಲಬ್ ಚೆಂಡಿಗಿಂತ ಒಂದಿಂಚು ಹಿಂದೆ ಬಿದ್ದರೂ ಜಾರಿಕೊಂಡು ಮುಂದೆ ಬಂದು ಚೆಂಡಿಗೆ ತಾಗುತ್ತದೆ. ಪರದೆಯಲ್ಲಿ ಅದು ಒಳ್ಳೆ ಹೊಡೆತದ ಹಾಗೇ ಕಾಣುತ್ತದೆ. ಹುಲ್ಲಿನಲ್ಲಿ ಅದೇ ಹೊಡೆತಕ್ಕೆ ಮಣ್ಣು ಎದ್ದು ಚೆಂಡು ಅರ್ಧ ದಾರಿಯಲ್ಲಿ ಬೀಳುತ್ತದೆ. ಹಾಗಾಗಿ ಅಗಲ ತಳದ ಐರನ್ನೂ ತೆಳು ತಳದ ಐರನ್ನೂ ಮ್ಯಾಟ್ ಮೇಲೆ ಹೋಲಿಸಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹುಲ್ಲಿನ ಮೇಲೆ ಮೊದಲ ಐದು ಹೊಡೆತದಲ್ಲೇ ಗೊತ್ತಾಗುತ್ತದೆ.

ರೇಂಜ್ (ಅಭ್ಯಾಸದ ಮೈದಾನ) ಚೆಂಡುಗಳದ್ದು ಇನ್ನೊಂದು ಕಥೆ. ಹೊಡೆದು ಹೊಡೆದು ಸವೆದಿರುತ್ತವೆ, ಒಂದು ಇನ್ನೊಂದರ ಹಾಗೆ ಇರುವುದಿಲ್ಲ. ಯಾವ ಚೆಂಡಿನಲ್ಲಿ ಆಡುತ್ತೀರೋ ಅಂಥದ್ದೇ ಐದಾರು ಚೆಂಡು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಒಳಗೆ ಪರದೆಗೆ ಹೊಡೆಯುವ ಸಿಮ್ಯುಲೇಟರ್‌ನಲ್ಲಿ ಕಳೆದುಹೋಗುವ ಭಯವಿಲ್ಲ.

ಇನ್ನೊಂದು ವಿಷಯ, ಲೈ ಆಂಗಲ್, ಅಂದರೆ ಕ್ಲಬ್ ತಳಕ್ಕೂ ಕೋಲಿಗೂ ನಡುವಿನ ಕೋನ. ಅಂಗಡಿಗಳಲ್ಲಿ ಇದನ್ನು ನೋಡುವವರು ಕಡಿಮೆ. ಮನೆಯಲ್ಲೇ ನೋಡಬಹುದು. ಬಿಳಿ ಬೋರ್ಡ್‌ಗೆ ಬರೆಯುವ ಮಾರ್ಕರ್ ತಗೊಳ್ಳಿ. ಚೆಂಡಿನ ಮೇಲೆ ದಪ್ಪ ಗೆರೆ ಎಳೆಯಿರಿ. ಗೆರೆ ನೆಟ್ಟಗೆ ನಿಂತು ಕ್ಲಬ್ ಮುಖದ ಕಡೆ ಇರುವ ಹಾಗೆ ಚೆಂಡು ಇಟ್ಟು ಹೊಡೆಯಿರಿ. ಆ ಗೆರೆ ಕ್ಲಬ್ ಮುಖಕ್ಕೆ ಅಂಟಿಕೊಳ್ಳುತ್ತದೆ. ಗ್ರೂವ್‌ಗಳಿಗೆ ನೇರ ಅಡ್ಡವಾಗಿ ಇದ್ದರೆ ಸರಿ. ಗೆರೆಯ ಮೇಲ್ತುದಿ ಕ್ಲಬ್‌ನ ತುದಿ ಕಡೆ ವಾಲಿದ್ದರೆ ಕ್ಲಬ್ ನಿಮಗೆ ಜಾಸ್ತಿ ನೆಟ್ಟಗಿದೆ ಅಂತ ಅರ್ಥ, ಚೆಂಡು ಎಡಕ್ಕೆ ಹೋಗುತ್ತದೆ. ಹಿಮ್ಮಡಿ (ಕೋಲು ಸೇರುವ ಬದಿ) ಕಡೆ ವಾಲಿದ್ದರೆ ತದ್ವಿರುದ್ಧ. ಪಿಂಗ್‌ನವರು ಇದಕ್ಕೇ ಕ್ಲಬ್ ಮೇಲೆ ಬಣ್ಣದ ಚುಕ್ಕೆ ಹಾಕುವುದು. ಕಪ್ಪು ಅಂದರೆ ಮಾಮೂಲಿ, ನೀಲಿ ಅಂದರೆ ಹೆಚ್ಚು ನೆಟ್ಟಗೆ, ಕೆಂಪು ಅಂದರೆ ಹೆಚ್ಚು ಬಾಗಿದ್ದು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಬೆಲೆ ಕೇಳುವ ಮುಂಚೆ ಆ ಚುಕ್ಕೆ ನೋಡಿ.

ಇಂದಿರಾನಗರ ಬೋಗಿ

ಸರ್, ಹೊಡೆದದ್ದು ಮ್ಯಾಟ್ ಮೇಲೆ, ಚೆಂಡು ಅಂಗಡಿಯವರದ್ದು. ಮಾರ್ಕರ್ ವಿಷಯ ನನಗೆ ಹೊಸದು. ಈ ವಾರವೇ ಮಾಡಿ ನೋಡುತ್ತೇನೆ.

ಗ್ರಿಪ್ ರಿಪೇರಿ

ನಾನು ಕ್ಲಬ್ ರಿಪೇರಿ ಮಾಡುವವನು. ಗ್ರಿಪ್ (ಹಿಡಿಯುವ ರಬ್ಬರ್) ಹಾಕುವುದು, ಶಾಫ್ಟ್ (ಕೋಲು) ಬದಲಿಸುವುದು, ಲಾಫ್ಟ್-ಲೈ ಬಾಗಿಸುವುದು ನನ್ನ ದಿನದ ಕೆಲಸ. ಎಲ್ಲರೂ ಹೆಡ್ (ಕ್ಲಬ್‌ನ ತಲೆ) ಬಗ್ಗೆಯೇ ಮಾತಾಡುತ್ತಾರೆ. ನನ್ನ ಟೇಬಲ್‌ಗೆ ಬರುವ ಕ್ಲಬ್‌ಗಳಲ್ಲಿ ತೊಂದರೆ ಹೆಚ್ಚಾಗಿ ಶಾಫ್ಟ್‌ನಲ್ಲಿರುತ್ತದೆ.

ಶಾಫ್ಟ್ ಎಷ್ಟು ಬಗ್ಗುತ್ತದೆ ಅಂತ ಹೇಳುವ ರೆಗ್ಯುಲರ್, ಸ್ಟಿಫ್ ಅನ್ನುವುದಕ್ಕೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಅಳತೆ ಇಲ್ಲ. ರೆಡಿಮೇಡ್ ಅಂಗಡಿಯಲ್ಲಿ ಒಂದು ಕಂಪನಿಯ 40 ಸೈಜಿನ ಅಂಗಿ ಸರಿಹೋದರೆ ಇನ್ನೊಂದರದ್ದು ಬಿಗಿಯಾಗುತ್ತದಲ್ಲ, ಹಾಗೆಯೇ ಇದು. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಇರಬಹುದು. ಅಕ್ಷರ ಬಿಟ್ಟು ತೂಕ ನೋಡಿ. ಡೈನಾಮಿಕ್ ಗೋಲ್ಡ್ ಎಸ್300 ಶಾಫ್ಟ್ ಸುಮಾರು 130 ಗ್ರಾಂ. ನಿಪ್ಪಾನ್ 950 ಜಿಎಚ್ 100 ಗ್ರಾಂಗಿಂತ ಕಡಿಮೆ. ಗ್ರಾಫೈಟ್ ಇನ್ನೂ ಹಗುರ. ಟೂರ್ ಆಟಗಾರರ ಕೈಯಲ್ಲಿ ನೋಡಿದೆ ಅಂತ ಭಾರದ ಶಾಫ್ಟ್ ತಗೊಂಡವರು ಹದಿನಾಲ್ಕನೇ ಹೋಲ್ ಹೊತ್ತಿಗೆ ಸುಸ್ತಾಗಿ ಬಲಕ್ಕೆ ಹೊಡೆಯಲು ಶುರು ಮಾಡುತ್ತಾರೆ.

ಹಾಗಾಗಿ ನನ್ನ ಸಲಹೆ ಇದು. ಒಂದೇ ಹೆಡ್‌ಗೆ ಎರಡು ತೂಕದ ಶಾಫ್ಟ್ ಹಾಕಿಸಿ ಹೊಡೆಯಿರಿ. ಮೈ ಬಿಸಿಯಾದ ಮೇಲೆ ಹೊಡೆದ ಚೆಂಡುಗಳಿಗಿಂತ ಕೊನೆಗೆ, ಕೈ ಸೋತ ಮೇಲೆ ಹೊಡೆದ ಚೆಂಡುಗಳನ್ನು ನೋಡಿ. ಕೋರ್ಸ್‌ನಲ್ಲಿ ಅರ್ಧ ಆಟ ಆ ಕೈಯಲ್ಲೇ ಆಡುವುದು. ಡೆಮೊ ಕೊಡುವವರ ಹತ್ತಿರ ಒಂದೇ ಶಾಫ್ಟ್ ಇದೆ ಅಂದರೆ, ಅದು ಹೆಡ್‌ನ ಪರೀಕ್ಷೆ ಮಾತ್ರ ಅಂತ ತಿಳಿದುಕೊಳ್ಳಿ.

ಇನ್ನು ಗ್ರಿಪ್. ಹೊಸ ಕ್ಲಬ್ ಹಿಡಿದ ತಕ್ಷಣ ಹಿತ ಅನ್ನಿಸಲು ಅರ್ಧ ಕಾರಣ ಹೊಸ ರಬ್ಬರ್. ಹಳೆ ಗ್ರಿಪ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಕೈ ತಾನಾಗಿ ಬಿಗಿ ಹಿಡಿಯುತ್ತದೆ, ಮಣಿಕಟ್ಟು ಆಡುವುದಿಲ್ಲ. ಹೋಲಿಸುವ ಮುಂಚೆ ಹಳೆ ಕ್ಲಬ್‌ಗೂ ಹೊಸ ಗ್ರಿಪ್ ಹಾಕಿಸಿ. ಕಡೇಪಕ್ಷ ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ. ಆಗ ಹೋಲಿಕೆ ಸಮ ಆಗುತ್ತದೆ. ಕೆಲವರು ಅಷ್ಟಕ್ಕೇ ಹಳೆ ಸೆಟ್ ಇಟ್ಟುಕೊಂಡಿದ್ದಾರೆ.

ಶನಿವಾರದ ಸ್ಲೈಸ್

ಅಣ್ಣ, ಡ್ರೈವರ್ (ಮೊದಲ ಉದ್ದ ಹೊಡೆತದ ಕ್ಲಬ್) ಬಗ್ಗೆಯೂ ಎರಡು ಮಾತು ಹೇಳಿ. ನಾನು ನೋಡುತ್ತಿರುವುದು 9 ಡಿಗ್ರಿ ಮತ್ತು 10.5 ಡಿಗ್ರಿ.

ಗ್ರಿಪ್ ರಿಪೇರಿ

12 ಡಿಗ್ರಿಯದನ್ನೂ ಹೊಡೆದು ನೋಡಿ, ನಾಚಿಕೆ ಬೇಡ. ಸ್ವಿಂಗ್ ವೇಗ ಗಂಟೆಗೆ 90 ಮೈಲಿಯ ಆಸುಪಾಸು ಇರುವವರಿಗೆ ಲಾಫ್ಟ್ ಜಾಸ್ತಿ ಇದ್ದಷ್ಟೂ ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಚೆಂಡು ಬಲಕ್ಕೆ ತಿರುಗುವ ಸ್ಲೈಸೂ ಸ್ವಲ್ಪ ತಗ್ಗುತ್ತದೆ.

ಆಮೇಲೆ, ಪಾದಕ್ಕೆ ಹೊಡೆಯುವ ಪೌಡರ್ ಸ್ಪ್ರೇ ಸಿಗುತ್ತದಲ್ಲ, ಅದನ್ನು ಡ್ರೈವರ್ ಮುಖಕ್ಕೆ ತೆಳುವಾಗಿ ಹೊಡೆಯಿರಿ. ಪ್ರತಿ ಹೊಡೆತಕ್ಕೂ ಚೆಂಡು ತಾಗಿದ ಜಾಗ ದುಂಡಗೆ ಕಾಣುತ್ತದೆ. ಗುರುತೆಲ್ಲ ಹಿಮ್ಮಡಿ ಕಡೆ ಇದ್ದರೆ ನಿಮ್ಮ ಸ್ಲೈಸ್‌ಗೆ ಅದೇ ಒಂದು ಕಾರಣ. ಹಿಮ್ಮಡಿಗೆ ತಾಗಿದ ಚೆಂಡಿಗೆ ಬಲಕ್ಕೆ ತಿರುಗುವ ಸುತ್ತು ಸಿಗುತ್ತದೆ, ತುದಿಗೆ ತಾಗಿದ್ದಕ್ಕೆ ಎಡಕ್ಕೆ. ಆಗ ಹೊಸ ಡ್ರೈವರ್‌ಗಿಂತ ಮುಂಚೆ ಉದ್ದ ಕಡಿಮೆ ಮಾಡಿ ನೋಡಬೇಕು. ಅಂಗಡಿಯ ಡ್ರೈವರ್ ಸಾಮಾನ್ಯವಾಗಿ 45.5 ಇಂಚಿನ ಆಸುಪಾಸು ಇರುತ್ತದೆ. ಗ್ರಿಪ್ ಮೇಲೆ ಒಂದಿಂಚು ಕೆಳಗೆ ಹಿಡಿದು ಹತ್ತು ಚೆಂಡು ಹೊಡೆಯಿರಿ. ಗುರುತು ನಡುವಿಗೆ ಬಂದರೆ ಉತ್ತರ ಸಿಕ್ಕಿತು. ಶಾಫ್ಟ್ ಕತ್ತರಿಸುವುದು ಆಮೇಲೆ, ಕತ್ತರಿಸಿದರೆ ಹೆಡ್ ಹಗುರ ಅನ್ನಿಸುತ್ತದೆ, ಸೀಸದ ಪಟ್ಟಿ ಅಂಟಿಸಿ ಸರಿ ಮಾಡಬೇಕು.

ಒಂಬತ್ತು ಹೋಲ್ ಸಾಕು

ಮಹಿಳೆಯರ ಪರವಾಗಿ ಒಂದು ಮಾತು. ನಾನು ಡೆಮೊ ಕೇಳಿದ ಕಡೆಯೆಲ್ಲ ಮೊದಲು ಕೊಡುವುದು 'ಲೇಡೀಸ್ ಸೆಟ್'. ಶಾಫ್ಟ್ ಹಗುರ, ಉದ್ದ ಕಡಿಮೆ, ಗ್ರಿಪ್ ತೆಳು. ಮೊದಲ ಸಲ ಆಡುವವರಿಗೆ ಅದು ಹಿತವಾಗಿಯೇ ಇರುತ್ತದೆ. ಆದರೆ ನಾನು ಶಾಲೆ-ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು, 5 ಅಡಿ 7 ಇಂಚು ಎತ್ತರ. ಆ ಕ್ಲಬ್ ಎಲ್ಲಿದೆ ಅಂತಲೇ ಕೈಗೆ ಗೊತ್ತಾಗುವುದಿಲ್ಲ, ಚೆಂಡು ಎಡಕ್ಕೆ ಸುತ್ತಿಕೊಂಡು ಹೋಗುತ್ತದೆ. ಕೊನೆಗೆ ಸೀನಿಯರ್ ಫ್ಲೆಕ್ಸ್ (ರೆಗ್ಯುಲರ್‌ಗಿಂತ ಹೆಚ್ಚು ಬಗ್ಗುವ) ಗ್ರಾಫೈಟ್ ಹಾಕಿದ ಗಂಡಸರ ಐರನ್ ಕೇಳಿ ಹೊಡೆದೆ. ಚೆಂಡು ನೇರ ಹೋಯಿತು. ದಯವಿಟ್ಟು ಹೆಸರುಪಟ್ಟಿ ನೋಡಿ ಕ್ಲಬ್ ತೆಗೆಯಬೇಡಿ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪಂದಿರಿಗೂ ಇದೇ ಮಾತು. ಮಗಳ ಎತ್ತರ, ಸ್ವಿಂಗ್ ವೇಗ ನೋಡಿ ಕ್ಲಬ್ ಕೊಡಿಸಿ.

ಇನ್ನೊಂದು. ಇಲ್ಲಿ ಎಲ್ಲರೂ ದೂರದ ಬಗ್ಗೆ ಬರೆದಿದ್ದೀರಿ, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಬಗ್ಗೆ ಒಬ್ಬರೂ ಇಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಅಲ್ಲಿ ಅವರು ಬೇರೆಯವರಿಗಿಂತ ಎಷ್ಟೋ ಕಡಿಮೆ ದೂರ ಹೊಡೆಯುತ್ತಿದ್ದರು. ಬೇರೆಯವರು ಚಿಕ್ಕ ಐರನ್ ತೆಗೆಯುವ ಕಡೆ ಅವರು ದೂರದ ಹೊಡೆತಕ್ಕೆ ಬಳಸುವ ಹೈಬ್ರಿಡ್, ಫೇರ್‌ವೇ ವುಡ್ ತೆಗೆದು ಗ್ರೀನ್ ಮುಟ್ಟಿಸಿ, ಪಟರ್‌ನಲ್ಲಿ ಸ್ಕೋರ್ ಕಾಪಾಡಿಕೊಂಡರು. ಆ ನಾಲ್ಕು ದಿನ ಮುಂಜಾನೆ ಎದ್ದು ನೋಡಿದವರಿಗೆ ಗೊತ್ತು. 5 ಐರನ್, 6 ಐರನ್ ಬೇಕೇ ಬೇಕು ಅನ್ನುವ ಹಟ ಬಿಟ್ಟು ಹೈಬ್ರಿಡ್‌ಗಳನ್ನೂ ಪಟರ್‌ಗಳನ್ನೂ ಹೋಲಿಸಿ ನೋಡಿ. ಪಟರ್‌ಗೆ ಯಂತ್ರವೂ ಬೇಡ. ಆರು ಅಡಿಯಿಂದ ನೇರ ಸಾಲಿನಲ್ಲಿ ಹಾಕಿ, ಆಮೇಲೆ ಮೂವತ್ತು ಅಡಿಯಿಂದ ಹಾಕಿ. ಮೂವತ್ತು ಅಡಿಯಲ್ಲಿ ಯಾವುದರ ಚೆಂಡುಗಳು ಹೋಲ್ ಸುತ್ತ ಹತ್ತಿರ ಹತ್ತಿರ ನಿಲ್ಲುತ್ತವೋ ಆ ಪಟರ್ ನಿಮ್ಮದು.

ಕಡಲಗಾಳಿ

ಮೇಡಂ ಹೇಳಿದ್ದು ಸರಿ. ಮಂಗಳೂರಿನಿಂದ ಬರೆಯುತ್ತಿದ್ದೇನೆ, ಆಡುವುದು ಪಿಲಿಕುಳದಲ್ಲಿ.

ಬೆಂಗಳೂರಿನವರು ಹೇಳುವ ಯಾರ್ಡ್ ಕೇಳಿ ನಮ್ಮ ಕಡೆಯ ಹುಡುಗರು ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಶೇ. 3ರಷ್ಟು ಹೆಚ್ಚು ದೂರ ಹೋಗುತ್ತದೆ. 150 ಯಾರ್ಡ್‌ಗೆ ಐದು ಯಾರ್ಡ್ ಅಲ್ಲೇ ಬಂತು. ಹಾಗಾಗಿ ಬೆಂಗಳೂರಿನಲ್ಲಿ ಹೊಡೆದ ಹೊಸ ಕ್ಲಬ್‌ನ ಅಂಕಿಯನ್ನು ಮಂಗಳೂರಿನಲ್ಲಿ ಹೊಡೆದ ಹಳೆ ಕ್ಲಬ್‌ನ ಅಂಕಿಗೆ ಹೋಲಿಸಬಾರದು. ಒಂದೇ ದಿನ, ಒಂದೇ ಜಾಗ, ಅದಲುಬದಲು ಮಾಡುತ್ತಾ ಹೊಡೆಯಬೇಕು. ನಮ್ಮಲ್ಲಿ ಸೆಕೆಗೆ ಗಾಳಿ ಭಾರ ಆಗಿ ಚೆಂಡು ಹೋಗುವುದಿಲ್ಲ ಅನ್ನುತ್ತಾರೆ, ಅದು ತಪ್ಪು. ತೇವ ಇರುವ ಗಾಳಿ ಒಣ ಗಾಳಿಗಿಂತ ಒಂಚೂರು ಹಗುರವೇ. ನಮ್ಮಲ್ಲಿ ದೂರ ಕಡಿಮೆಯಾಗುವುದು ಎತ್ತರ ಇಲ್ಲದ್ದಕ್ಕೆ, ಮತ್ತೆ ಒದ್ದೆ ನೆಲದಲ್ಲಿ ಚೆಂಡು ಉರುಳದ್ದಕ್ಕೆ.

ವೆಜ್ ಆರಿಸುವಾಗ ಬೌನ್ಸ್, ಅಂದರೆ ತಳದ ಉಬ್ಬಿನ ಕೋನ, ನೋಡಿ. ನಮ್ಮ ಮಳೆಗಾಲದ ಮೆತ್ತನೆ ನೆಲಕ್ಕೆ 10 ಡಿಗ್ರಿಗಿಂತ ಹೆಚ್ಚಿನ ಬೌನ್ಸ್ ಬೇಕು, ಇಲ್ಲದಿದ್ದರೆ ಕ್ಲಬ್ ನೆಲದಲ್ಲಿ ಹೂತುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಲ್ಲಾಗುವ ನೆಲದಲ್ಲಿ ಆಡುವವರಿಗೆ 6-8 ಸರಿ. ಕೈ ಬೆವರುವವರು ನೂಲು ಸೇರಿಸಿದ ಕಾರ್ಡ್ ಗ್ರಿಪ್ ಹಾಕಿಸಿ.

ಎಡಗೈ ಹುಬ್ಬಳ್ಳಿ

ನಾನು ಎಡಗೈ ಆಟಗಾರ. ಊರಿನಿಂದ ಬೆಂಗಳೂರಿಗೆ ಡೆಮೊಗೆ ಅಂತಲೇ ಹೋಗಿದ್ದೆ. ಫೋನಿನಲ್ಲಿ 'ಇದೆ ಬನ್ನಿ' ಅಂದಿದ್ದ ಅಂಗಡಿಯಲ್ಲಿ ಇದ್ದದ್ದು ಒಂದೇ ಎಡಗೈ ವೆಜ್. ಬಲಗೈಯದ್ದು ಹಿಡಿದು ನೋಡಿ, ಎಡಗೈಯದ್ದು ಆರ್ಡರ್ ಮಾಡಿ ಅಂದರು. ಇದು ಸರಿಯಲ್ಲ. ಎಡಗೈಯವರು ಹೊಡೆದು ನೋಡಲು ಎಲ್ಲಾದರೂ ದಾರಿ ಇದೆಯೇ?

ಡಲ್ಲಾಸ್ ಡಿವೋಟ್

ಹುಬ್ಬಳ್ಳಿ ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ನಿಮ್ಮ ಕ್ಲಬ್‌ನಲ್ಲಿ, ಅಕ್ಕಪಕ್ಕದ ಊರಿನ ಕ್ಲಬ್‌ಗಳಲ್ಲಿ ಎಡಗೈ ಆಟಗಾರರ ಪಟ್ಟಿ ಮಾಡಿ, ಅವರ ಬ್ಯಾಗ್‌ನಿಂದ ಒಂದು ಐರನ್ ಕೇಳಿ ಹೊಡೆಯುವುದೇ ಸದ್ಯಕ್ಕೆ ದಾರಿ. ಎಡಗೈಯವರು ಒಬ್ಬರಿಗೊಬ್ಬರು ಇಲ್ಲ ಅನ್ನುವುದಿಲ್ಲ.

ಇಲ್ಲಿ ಡಲ್ಲಾಸ್‌ನಲ್ಲಿ ದೊಡ್ಡ ಅಂಗಡಿಗಳ ಒಳಗೇ ಹೊಡೆಯುವ ಜಾಗ ಇರುತ್ತದೆ. ಬಳಸಿದ ಕ್ಲಬ್‌ಗಳನ್ನೂ ಹೊಡೆದು ನೋಡಲು ಬಿಡುತ್ತಾರೆ. ಎರಡು ಮೂರು ವರ್ಷ ಹಳೆಯ ಮಾದರಿ ಹೊಸದಕ್ಕಿಂತ ಎಷ್ಟೋ ಅಗ್ಗ. ಆಟದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಡ್ರೈವರ್ ಹೆಡ್‌ನ ಗಾತ್ರ 460 ಸಿಸಿ ಮೀರುವ ಹಾಗಿಲ್ಲ, ಮುಖ ಎಷ್ಟು ಪುಟಿಯಬೇಕು ಅನ್ನುವುದಕ್ಕೂ ನಿಯಮದಲ್ಲಿ ಮಿತಿ ಇದೆ. ಎಲ್ಲ ದೊಡ್ಡ ಕಂಪನಿಗಳೂ ಆ ಮಿತಿಯ ಹತ್ತಿರ ತಲುಪಿ ವರ್ಷಗಳಾದವು. ಪ್ರತಿ ವರ್ಷ ಹತ್ತು ಯಾರ್ಡ್ ಹೆಚ್ಚು ಅನ್ನುವ ಜಾಹೀರಾತನ್ನು ಆ ಮಿತಿ ನೆನಪಿಟ್ಟುಕೊಂಡು ಓದಿ.

ಊರಿಗೆ ತರಿಸುವವರಿಗೆ ಒಂದು ಮಾತು. ಅಣ್ಣನೋ ತಂಗಿಯೋ ಬರುವಾಗ ತರುತ್ತಾರೆ ಅಂತ ನೋಡದೆ ಆರ್ಡರ್ ಮಾಡಬೇಡಿ. ಮೊದಲು ಅದೇ ಮಾದರಿಯನ್ನು ಅಲ್ಲೇ ಯಾರದ್ದಾದರೂ ಕೇಳಿ ಹೊಡೆಯಿರಿ. ಶಾಫ್ಟ್ ಹೆಸರು, ತೂಕ, ಲೈ ಚುಕ್ಕೆಯ ಬಣ್ಣ ಬರೆದು ಕಳಿಸಿ. ಬರೀ 'ಜಿ430 ತಗೊಂಡು ಬಾ' ಅಂದರೆ ಸಿಕ್ಕಿದ್ದು ಬರುತ್ತದೆ. ತೀರಾ ಅಗ್ಗಕ್ಕೆ ಹೊಸ ಸೆಟ್ ಸಿಗುತ್ತಿದ್ದರೆ ನಕಲಿ ಇರಬಹುದು, ಸೀರಿಯಲ್ ನಂಬರ್ ಕಂಪನಿಗೆ ಕಳಿಸಿ ಕೇಳಿ.

ಬಿಡದಿ ಕ್ಯಾಡಿ

ನಾನು ಬಿಡದಿ ಕಡೆಯವನು, ಮೊದಲು ಕ್ಯಾಡಿ ಆಗಿದ್ದೆ. ಚಿಕ್ಕರಂಗಪ್ಪ ನಮ್ಮ ಕಡೆಯ ಹಳ್ಳಿಯಿಂದಲೇ ಹೋಗಿ ವೃತ್ತಿಪರ ಆಟಗಾರ ಆದವರು, ನಮಗೆಲ್ಲ ಅದು ಹೆಮ್ಮೆ.

ಬ್ಯಾಗ್ ಹೊರುವವರಿಗೆ ಒಂದು ವಿಷಯ ಚೆನ್ನಾಗಿ ಕಾಣುತ್ತದೆ. 150 ಯಾರ್ಡ್ ಇದ್ದರೆ ಸಾಹೇಬರು 7 ಐರನ್ ಕೇಳುತ್ತಾರೆ. ಯಾವತ್ತೋ ಒಂದು ದಿನ ಅದು 150 ಹೋಗಿರುತ್ತದೆ. ಇವತ್ತು ಚೆಂಡು ಗ್ರೀನ್ ಮುಂದಿನ ಬಂಕರ್‌ಗೆ (ಮರಳು ಗುಂಡಿಗೆ) ಬೀಳುತ್ತದೆ. ಗ್ರೀನ್ ದಾಟಿ ಹಿಂದೆ ಬೀಳುವ ಹವ್ಯಾಸಿಗಳು ತೀರಾ ಕಡಿಮೆ, ಹೆಚ್ಚಿನವರು ಮುಂದೆಯೇ ಬೀಳುತ್ತಾರೆ. ಅದಕ್ಕೇ ಬೋಗಿ ಸರ್ 'ಅತಿ ಕೆಟ್ಟದ್ದು 136' ಅಂತ ಬರೆದದ್ದು ಓದಿ ನನಗೆ ಸಂತೋಷವಾಯಿತು. ಆ ಅಂಕಿ ಗೊತ್ತಿದ್ದವರು ಸರಿಯಾದ ಕ್ಲಬ್ ಕೇಳುತ್ತಾರೆ.

ಹೊಸ ಸೆಟ್ ನೋಡುವಾಗ ನಿಮ್ಮ ಕ್ಯಾಡಿಯನ್ನೂ ಒಂದು ಮಾತು ಕೇಳಿ. ನಿಮ್ಮ ಚೆಂಡು ಎಲ್ಲಿ ಬೀಳುತ್ತದೆ ಅಂತ ಅವನಷ್ಟು ನೋಡಿದವರು ಯಾರೂ ಇಲ್ಲ.

ಮೊದಲು ಪಾಠ

ನನ್ನದು ಬೇರೆ ಅಭಿಪ್ರಾಯ. ಹ್ಯಾಂಡಿಕ್ಯಾಪ್ 30ರ ಮೇಲಿರುವವರಿಗೆ, ಈಗಷ್ಟೇ ಶುರು ಮಾಡಿದವರಿಗೆ ಇಷ್ಟೆಲ್ಲ ಬೇಡ. ಅವರ ಸ್ವಿಂಗ್ ವಾರ ವಾರಕ್ಕೆ ಬದಲಾಗುತ್ತದೆ, ಇವತ್ತು ಸರಿಹೋದ ಶಾಫ್ಟ್ ಮೂರು ತಿಂಗಳಿಗೆ ಸರಿಹೋಗುವುದಿಲ್ಲ. ಡೆಕಾತ್ಲಾನ್‌ನ ಇನೆಸಿಸ್ ಹಾಫ್ ಸೆಟ್ ಅಥವಾ ಯಾರಾದರೂ ಕೊಟ್ಟ ಹಳೆ ಸೆಟ್ ಸಾಕು. ಉಳಿದ ದುಡ್ಡನ್ನು ಕೋಚ್‌ಗೆ ಕೊಡಿ. ಹೊಡೆತ ಒಂದೇ ಜಾಗಕ್ಕೆ ತಾಗಲು ಶುರುವಾದ ಮೇಲೆ ಹೋಲಿಕೆಗೆ ಅರ್ಥ ಬರುತ್ತದೆ.

ಒಂಬತ್ತು ಹೋಲ್ ಸಾಕು

ಒಪ್ಪುತ್ತೇನೆ ಸರ್, ಒಂದು ತಿದ್ದುಪಡಿಯೊಂದಿಗೆ. ಉದ್ದ ಮತ್ತು ಗ್ರಿಪ್ ಗಾತ್ರ ಮಾತ್ರ ಮೊದಲ ದಿನದಿಂದಲೇ ಸರಿ ಇರಬೇಕು. ತಪ್ಪು ಉದ್ದದ ಕ್ಲಬ್‌ನಲ್ಲಿ ಕಲಿತ ನಿಲುವನ್ನು ಬಿಡಿಸಲು ಕೋಚ್‌ಗೂ ಕಷ್ಟ.

ಮೊದಲು ಪಾಠ

ನಿಜ ಮೇಡಂ, ಅದು ಸರಿ.

ಇಂದಿರಾನಗರ ಬೋಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ನೀವು ಹೇಳಿದ ಹಾಗೆ ಹುಲ್ಲಿನ ಮೇಲೆ, ನಾನು ಆಡುವ ಚೆಂಡಿನಲ್ಲೇ ಮತ್ತೆ ಹೊಡೆದೆ. ಹಳೆ ಐರನ್‌ಗೆ ಗ್ರಿಪ್ ಹೊಸದು ಹಾಕಿಸಿದೆ. ಒಂದು ಕ್ಲಬ್‌ನಲ್ಲಿ ಎರಡು ಮೂರು ಚೆಂಡು ಹೊಡೆದು ಇನ್ನೊಂದು ತೆಗೆಯುತ್ತಾ ಹೋದೆ.

ಮಾರ್ಕರ್ ಗೆರೆ ಮೂರರಲ್ಲೂ ತುದಿ ಕಡೆ ವಾಲಿತು. ನನಗೆ ಮಾಮೂಲಿಗಿಂತ ಬಾಗಿದ್ದು ಬೇಕು, ಅಂದರೆ ಕೆಂಪು ಚುಕ್ಕೆ. ನನ್ನ ಚೆಂಡು ಯಾವಾಗಲೂ ಎಡಕ್ಕೆ ಯಾಕೆ ಹೋಗುತ್ತಿತ್ತು ಅಂತ ಈಗ ಗೊತ್ತಾಗಿದೆ.

ಹುಲ್ಲಿನ ಮೇಲೆ ಮೂರರ ದೂರವೂ ಸ್ವಲ್ಪ ಇಳಿಯಿತು, ಆದರೆ ಟಿ100ರದ್ದು ಜಾಸ್ತಿ ಇಳಿಯಿತು. ಅದರ ತಳ ತೆಳು, ಸ್ವಲ್ಪ ಹಿಂದೆ ಬಿದ್ದರೂ ನೆಲ ಅಗೆಯುತ್ತದೆ. ನಡುವಿಗೆ ತಾಗಿದಾಗ ಕೈಗೆ ಸಿಗುವ ಆ ಮೃದು ಹಿತ ಇನ್ನೆರಡರಲ್ಲೂ ಇಲ್ಲ, ಅದನ್ನು ಒಪ್ಪಲೇಬೇಕು. ಇನ್ನು ಹಳೆಯ ಸೆಟ್, ಹೊಸ ಗ್ರಿಪ್ ಹಾಕಿದ ಮೇಲೆ ಎಷ್ಟೋ ಸುಧಾರಿಸಿತು. 8, 9 ಮತ್ತು ವೆಜ್‌ನಲ್ಲಿ ಪಿಂಗ್‌ಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಉದ್ದ ಐರನ್‌ಗಳಲ್ಲಿ, ಅಂದರೆ ಚಿಕ್ಕ ಅಂಕಿಯವುಗಳಲ್ಲಿ.

ಹಾಗಾಗಿ ಪೂರ್ತಿ ಸೆಟ್ ಸದ್ಯಕ್ಕೆ ಬೇಡ ಅಂತ ತೀರ್ಮಾನಿಸಿದ್ದೇನೆ. ಹಳೆ 6 ಐರನ್‌ನಿಂದ ವೆಜ್‌ವರೆಗಿನವನ್ನು ಇಟ್ಟುಕೊಂಡು, ಲೈ ಬಾಗಿಸಿಕೊಳ್ಳುತ್ತೇನೆ. 4, 5 ಐರನ್ ಜಾಗಕ್ಕೆ ಬಳಸಿದ ಎರಡು ಹೈಬ್ರಿಡ್. 56ರ ಸ್ಯಾಂಡ್ ವೆಜ್ ಸವೆದಿರುವುದರಿಂದ ಅದೊಂದು ಹೊಸದು. ಗ್ರಿಪ್ ರಿಪೇರಿ ಅಣ್ಣ, ಹಳೆ ಐರನ್ ಎರಕದ್ದು. ಎರಡು ಡಿಗ್ರಿ ಬಾಗಿಸಿದರೆ ಮುರಿಯುವ ಭಯ ಇದೆಯೇ?

ಗ್ರಿಪ್ ರಿಪೇರಿ

ಫೋರ್ಜ್ ಮಾಡಿದ್ದು (ಲೋಹ ಬಡಿದು ಮಾಡಿದ್ದು) ಸುಲಭವಾಗಿ ಬಾಗುತ್ತದೆ, ಎರಕದ್ದಕ್ಕೆ ಜಾಗ್ರತೆ ಬೇಕು. ಒಂದು ಡಿಗ್ರಿ ಸಾಮಾನ್ಯವಾಗಿ ತೊಂದರೆ ಇಲ್ಲ. ಎರಡು ಅಂದರೆ ಲೋಹ ನೋಡಿ ಹೇಳಬೇಕು, ಕೆಲವು ಗಟ್ಟಿ ಸ್ಟೀಲ್ ಬಾಗುವುದೇ ಇಲ್ಲ. 9 ಐರನ್ ಒಂದನ್ನು ಮೊದಲು ತನ್ನಿ. ಒಂದು ಡಿಗ್ರಿ ಬಾಗಿಸಿ ಕೊಡುತ್ತೇನೆ, ಮಾರ್ಕರ್ ಹಾಕಿ ಹೊಡೆದು ನೋಡಿ, ಸರಿ ಅನ್ನಿಸಿದರೆ ಉಳಿದವನ್ನು ಆಮೇಲೆ ಮಾಡೋಣ.